ಏಳು ಸಾವಿರದ ಹತ್ತಿರದ ಸದ್ದು

ನಿಮಿಷಕ್ಕೆ ಆರು ಸಾವಿರ ಸುತ್ತು ಮುಟ್ಟಿತೆಂದರೆ ಆ ಎಂಜಿನ್ ಏದುಸಿರು ಬಿಡುತ್ತಿತ್ತು. ಕೆಳಗೆ ಚೆನ್ನಾಗಿಯೇ ಎಳೆಯುತ್ತಿತ್ತು, ತಿರುವಿನಿಂದ ಹೊರಬರುವಾಗ ಯಾರಿಗೂ ಕಡಿಮೆಯಿರಲಿಲ್ಲ. ಆದರೆ ಉದ್ದನೆಯ ನೇರ ದಾರಿ ಸಿಕ್ಕಿ, ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿ ಹಿಡಿದರೆ, ಮುಳ್ಳು ಆರರ ಹತ್ತಿರ ಹೋಗಿ ಮಾವನ ಮನೆಗೆ ಬಂದ ಅಳಿಯನ ಹಾಗೆ ಅಲ್ಲೇ ಕುಳಿತುಬಿಡುತ್ತಿತ್ತು. ಎಬ್ಬಿಸಿದರೂ ಏಳುತ್ತಿರಲಿಲ್ಲ.

ಕಾರು ನನ್ನ ಅಣ್ಣನ ಮಗಳದು. ಅವಳನ್ನು ನಾವೆಲ್ಲ ಚೂಟಿ ಎಂದು ಕರೆಯುತ್ತೇವೆ. ವಾರವೆಲ್ಲ ಔಷಧಿ ಅಂಗಡಿಗಳಿಗೆ ಪೆಟ್ಟಿಗೆ ಸಾಗಿಸುವ ವ್ಯಾನ್ ಓಡಿಸುತ್ತಾಳೆ, ರಜೆಯ ದಿನ ಇದನ್ನು ಓಡಿಸುತ್ತಾಳೆ. ಹಳೇ ಎಂಜಿನ್ನುಗಳ ವರ್ಗದಲ್ಲಿ ಓಡುವ ಒಂದು ರೇಸ್ ತಂಡ ವರ್ಷಕ್ಕೆ ಒಬ್ಬರೇ ಹೊಸ ಚಾಲಕರನ್ನು ಸೇರಿಸಿಕೊಳ್ಳುತ್ತಿತ್ತು. ತಮ್ಮ ಕಾರು ತಾವೇ ತಂದು ಓಡಿಸಿ ತೋರಿಸಬೇಕು. ಹಿಂದಿನ ವರ್ಷ ಚೂಟಿ ತಿರುವುಗಳಲ್ಲಿ ಎಲ್ಲರಿಗಿಂತ ಮುಂದಿದ್ದಳು, ನೇರ ದಾರಿಯಲ್ಲಿ ಎಲ್ಲರೂ ಅವಳನ್ನು ದಾಟಿಹೋಗಿದ್ದರು. ಬೇರೆಯವನನ್ನು ತೆಗೆದುಕೊಂಡರು. ಇಪ್ಪತ್ತೈದು ತುಂಬಿದವರಿಗೆ ಅಲ್ಲಿ ಪ್ರವೇಶವಿಲ್ಲ, ಅವಳಿಗೆ ಇಪ್ಪತ್ತನಾಲ್ಕು ತುಂಬಿತ್ತು. ಈ ಸಲ ಆಗದಿದ್ದರೆ ಇನ್ನು ಆಗುವುದಿಲ್ಲ, ಅಷ್ಟೇ.

ಎಂಜಿನ್ ಸರಿಮಾಡುವವನು ಅಣ್ಣ. ರೇಸ್ ಜನ ಅವನಿಗೆ ಇಟ್ಟ ಹೆಸರು ‘ಕಿವಿ’. ಓಡುವ ಎಂಜಿನ್ನಿನ ಪಕ್ಕ ಕಣ್ಣು ಮುಚ್ಚಿ ನಿಂತು, ಎರಡನೇ ಸಿಲಿಂಡರಿನಲ್ಲಿ ಇಂಥದ್ದು ಸಡಿಲ, ನಾಲ್ಕನೆಯದರಲ್ಲಿ ಪೆಟ್ರೋಲು ಹೆಚ್ಚು ಎಂದು ಹೇಳಿಬಿಡುತ್ತಿದ್ದ. ಬಿಚ್ಚಿ ನೋಡಿದರೆ ಹಾಗೇ ಇರುತ್ತಿತ್ತು. ದೂರದೂರದಿಂದ ಕಾರು ಕಟ್ಟಿಕೊಂಡು ಬರುತ್ತಿದ್ದರು. ನಾನು ಅದೇ ಗ್ಯಾರೇಜಿನಲ್ಲಿ ಲೇತ್ ಕೆಲಸ, ವಾಲ್ವ್ ಕೂರಿಸುವ ಕೆಲಸ ಮಾಡುತ್ತೇನೆ. ನನ್ನನ್ನು ಯಾರೂ ‘ಕೈ’ ಎಂದು ಕರೆಯಲಿಲ್ಲ. ಅದರ ಬಗ್ಗೆ ನನಗೆ ಬೇಸರವೇನೂ ಇಲ್ಲ, ಸುಮ್ಮನೆ ಹೇಳಿದೆ.

ಎಂಜಿನ್ ಎಂದರೆ ಉಸಿರಾಟ. ಗಾಳಿ ಒಳಗೆ ಹೋಗಬೇಕು, ಹೊಗೆ ಹೊರಗೆ ಬರಬೇಕು, ಬಾಗಿಲು ತೆಗೆದು ಮುಚ್ಚುವುದು ವಾಲ್ವಿನ ಕೆಲಸ. ಎಂಜಿನ್ ವೇಗವಾಗಿ ತಿರುಗಿದಷ್ಟೂ ಬಾಗಿಲು ಬೇಗ ಮುಚ್ಚಬೇಕು. ಮುಚ್ಚುವ ಸ್ಪ್ರಿಂಗ್ ಸೋತಿದ್ದರೆ ಬಾಗಿಲು ಅರ್ಧಕ್ಕೇ ನೇತಾಡುತ್ತದೆ, ಶಕ್ತಿಯೆಲ್ಲ ಸೋರಿಹೋಗುತ್ತದೆ. ನಾವು ಗಡುಸಾದ ಸ್ಪ್ರಿಂಗ್ ಹಾಕಿದೆವು. ವಾಲ್ವನ್ನು ಇನ್ನೂ ಸ್ವಲ್ಪ ಹೊತ್ತು ತೆರೆದಿಡುವ ಹೊಸ ಕ್ಯಾಮ್ ಕೂರಿಸಿದೆವು. ಗಾಳಿ ಬರುವ ದಾರಿಯಲ್ಲಿದ್ದ ಎರಕದ ಉಬ್ಬುತಗ್ಗುಗಳನ್ನು ನಾನು ಉಜ್ಜಿ ಸಮ ಮಾಡಿದೆ. ಸಿಲಿಂಡರಿನ ತಲೆಯನ್ನು ಕೂದಲೆಳೆಯಷ್ಟು ಸವೆಸಿ, ಒಳಗಿನ ಒತ್ತಡ ಹೆಚ್ಚಿಸಿದೆ.

ಜೋಡಿಸಿ ಮುಗಿಸಿದ ಮೇಲೆ ನೋಡಿದರೆ, ಕೆಳಗಿನ ಎಳೆತವೆಲ್ಲ ಮಾಯ. ಮೂರು ಸಾವಿರದಲ್ಲಿ ಕಾರು ನಿದ್ದೆಗಣ್ಣಿನಲ್ಲಿ ನಡೆಯುವ ಹಾಗೆ ನಡೆಯಿತು.

“ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು,” ಎಂದೆ.

“ಈಗ ಬೇಕಾಗಿರೋದು ಜುಟ್ಟೇ ಕಣೆ,” ಎಂದ ಅಣ್ಣ. ಅವನು ಹೇಳಿದ್ದು ಸರಿ. ಮೇಲೆ ಕೊಡಬೇಕೆಂದರೆ ಕೆಳಗಿನಿಂದ ಕಿತ್ತುಕೊಳ್ಳಲೇಬೇಕು, ಎರಡೂ ಕಡೆ ಕೊಡುವ ಎಂಜಿನ್ನನ್ನು ನಾನಿನ್ನೂ ನೋಡಿಲ್ಲ.

ಕೊನೆಯ ಕೆಲಸ ಟೈಮಿಂಗ್. ಪ್ಲಗ್ಗಿನ ಕಿಡಿ ಯಾವಾಗ ಬೀಳಬೇಕು ಎನ್ನುವ ಲೆಕ್ಕ ಅದು. ತುಸು ಮುಂಚೆ ಬಿದ್ದರೆ ಶಕ್ತಿ ಹೆಚ್ಚು. ತೀರಾ ಮುಂಚೆಯಾದರೆ ಒಳಗಿನ ಗಾಳಿ, ಪೆಟ್ರೋಲು ಕಂಡಕಂಡಲ್ಲಿ ಸಿಡಿದು ಪಿಸ್ಟನ್ನಿನ ನೆತ್ತಿಗೆ ಸುತ್ತಿಗೆಯಿಂದ ಬಡಿದ ಹಾಗಾಗುತ್ತದೆ. ಅದಕ್ಕೆ ನಾಕ್ ಎನ್ನುತ್ತಾರೆ. ಹೊರಗೆ ಕೇಳುವುದು ಮಾತ್ರ ತೆಳ್ಳಗಿನ ಕಿಣಿಕಿಣಿ, ಗಾಜಿನ ಲೋಟಕ್ಕೆ ಸಾಸಿವೆ ಉದುರಿಸಿದಷ್ಟು. ಮೇಲಿನ ಸುತ್ತುಗಳಲ್ಲಿ ಅದನ್ನು ಕೇಳಿಸಿಕೊಳ್ಳುವುದೇ ಕಷ್ಟ, ಕೇಳಿಸಿಕೊಳ್ಳದಿದ್ದರೆ ಪಿಸ್ಟನ್ ತೂತು ಬೀಳುತ್ತದೆ. ಅಣ್ಣ ಎಂಜಿನ್ನಿಗೆ ಒಂದು ತಾಮ್ರದ ಕೊಳವೆ ಬಿಗಿದು, ಅದರ ರಬ್ಬರ್ ತುದಿಯನ್ನು ಕಿವಿಗಿಟ್ಟುಕೊಂಡು, ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಅಷ್ಟಷ್ಟೇ ತಿರುಗಿಸುತ್ತಾ, ಆ ಸದ್ದು ಶುರುವಾಗುವ ಜಾಗ ಹಿಡಿದು, ಅಲ್ಲಿಂದ ಸ್ವಲ್ಪ ಹಿಂದೆ ನಿಲ್ಲಿಸುತ್ತಿದ್ದ. ಇಷ್ಟು ವರ್ಷ ಹಾಗೇ ಮಾಡಿಕೊಂಡು ಬಂದಿದ್ದ.

ಕಾರನ್ನು ರೋಲರುಗಳ ಮೇಲೆ ನಿಲ್ಲಿಸಿ ಚೂಟಿ ಒಳಗೆ ಕುಳಿತಳು. ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ ಅದು. ಅಣ್ಣ ಕೊಳವೆ ಹಿಡಿದು ನಿಂತ. ಮುಳ್ಳು ಆರು ದಾಟಿತು, ಆರೂವರೆ ದಾಟಿತು, ಸುಸ್ತಾಗಲಿಲ್ಲ. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಏಳರ ಹತ್ತಿರ ಬಂದಾಗ ಕಿಣಿಕಿಣಿ ಶುರುವಾಯಿತು. ಗೋಡೆಯ ಹತ್ತಿರ ನಿಂತಿದ್ದ ನನಗೆ ಯಾವ ಕೊಳವೆಯೂ ಇಲ್ಲದೆ ಕೇಳಿಸಿತು. ಅಣ್ಣ ಡಿಸ್ಟ್ರಿಬ್ಯೂಟರನ್ನು ಇನ್ನಷ್ಟು ಮುಂದಕ್ಕೆ ತಿರುಗಿಸಿದ.

ಎಂಜಿನ್ ನಿಲ್ಲಿಸಿದ ಮೇಲೆ ಹೇಳಿದೆ: “ಅಣ್ಣ, ನಾಕ್ ಆಗ್ತಿದೆ.”

“ಎಲ್ಲಿ?”

“ಏಳು ಸಾವಿರದ ಹತ್ರ. ಕೇಳಿಸ್ಲಿಲ್ವಾ?”

“ಅದು ವಾಲ್ವ್ ತಳ್ಳೋ ಟ್ಯಾಪೆಟ್ ಸದ್ದು. ಹೊಸ ಕ್ಯಾಮ್ ಅಲ್ವಾ, ಹಾಗೇ ಕುಟ್ಟುತ್ತೆ.”

“ಟ್ಯಾಪೆಟ್ ಯಾವ್ದು, ನಾಕ್ ಯಾವ್ದು ನನಗೆ ಗೊತ್ತಾಗಲ್ವಾ?”

“ನನಗೆ ಕೇಳಿಸದ ನಾಕ್ ನಿನಗೆ ಕೇಳಿಸ್ತಾ? ಹಾಗಾದ್ರೆ ನಾಳೆಯಿಂದ ನೀನೇ ಕಿವಿ, ನಾನು ಬಾಲ.” ಆಮೇಲೆ ಮಗಳ ಕಡೆ ತಿರುಗಿದ. “ಒಳಗೆ ಕೂತಿದ್ದೋಳು ನೀನು. ಏನಾದ್ರೂ ಕೇಳಿಸ್ತಾ?”

ಚೂಟಿ ನನ್ನ ಮುಖ ನೋಡಿದಳು, ಅವನ ಮುಖ ನೋಡಿದಳು. “ಇಲ್ಲಪ್ಪ. ಚೆನ್ನಾಗಿ ಎಳೀತು,” ಎಂದಳು.

ಅವನು ಕೈ ಒರೆಸಿಕೊಂಡು ಎದುರಿನ ಅಂಗಡಿಗೆ ಟೀ ಕುಡಿಯಲು ಹೋದ. ನಾನು ಅವಳನ್ನು ಕಾರಿನೊಳಗೇ ತಡೆದು ಕೂರಿಸಿದೆ.

“ಕೇಳಿಸ್ತು ಅತ್ತೆ,” ಎಂದಳು. “ಅಪ್ಪಂಗೆ ಹೇಗೆ ಹೇಳ್ಲಿ?”

ನನಗೆ ಪಿತ್ತ ನೆತ್ತಿಗೇರಿತು. ಸೀದಾ ಅತ್ತಿಗೆಯ ಹತ್ತಿರ ಹೋದೆ. ಗ್ಯಾರೇಜಿನ ಮೇಲೆಯೇ ಅವರ ಮನೆ. ಅತ್ತಿಗೆ ಅಡುಗೆಮನೆಯಲ್ಲಿ ನಿಂತು ಬಟ್ಟೆ ಮಡಿಸುತ್ತಿದ್ದರು. ವಿಷಯ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

“ಹೋದ ತಿಂಗಳು ಕುಕ್ಕರ್ ಕೂಗಿ ಕೂಗಿ ತಳ ಹತ್ತಿ ಹೋಯ್ತು. ನಿಮ್ಮಣ್ಣ ಪಕ್ಕದಲ್ಲೇ ಪೇಪರ್ ಓದ್ತಾ ಕೂತಿದ್ರು,” ಎಂದರು. “ಬಾಗಿಲ ಬೆಲ್ಲೂ ಅಷ್ಟೆ. ನಾನೇ ‘ಯಾರೋ ಬಂದ್ರು ನೋಡಿ’ ಅಂತೀನಿ. ಕೀರಲು ಸದ್ದು ಯಾವ್ದೂ ಕೇಳಿಸಲ್ಲ, ಎದುರಿಗೆ ಕೂತು ಮಾತಾಡಿದ್ರೆ ಎಲ್ಲಾ ಸರಿಯಾಗೇ ಇರುತ್ತೆ.”

“ಡಾಕ್ಟ್ರಿಗೆ ತೋರಿಸ್ಬೇಕು ತಾನೇ?”

“ಒಂದ್ಸಲ ಅಂದೆ. ಒಂದು ವಾರ ನನ್ನ ಜೊತೆ ಮಾತಿಲ್ಲ, ಕತೆಯಿಲ್ಲ.” ಕೈಯಲ್ಲಿದ್ದ ಅಂಗಿಯನ್ನು ಕೆಳಗಿಟ್ಟರು. “ನೋಡಮ್ಮ, ಅವರ ಹತ್ರ ಇರೋದು ಅದೊಂದು ಹೆಸರು. ಕಿವಿಗೆ ಕಿವಿ ಕೇಳಿಸಲ್ವಂತೆ ಅಂತ ನಾಲ್ಕು ಜನ ನಕ್ರೆ ಮನುಷ್ಯ ಎದ್ದು ನಿಲ್ತಾರಾ? ನಿಮ್ಮ ಕಾಲು ಹಿಡ್ಕೋತೀನಿ, ನಿಮ್ಮ ಬಾಯಿಂದ ಅದು ಬರೋದು ಬೇಡ.”

“ಎಂಜಿನ್ ಒಡೆದು ಹೋದ್ರೆ?”

“ಒಡೆಯದ ಹಾಗೆ ನೀವು ನೋಡ್ಕೊಳ್ಳಿ.”

ನುಂಗಿದರೆ ಗಂಟಲು ಸುಡುತ್ತದೆ, ಉಗುಳಿದರೆ ತುಪ್ಪ ಹೋಗುತ್ತದೆ. ಒಂದು ಮನೆಯ ಮೂರು ಹೆಂಗಸರು ಸೇರಿ ಒಬ್ಬ ಗಂಡಸಿನ ಹೆಮ್ಮೆ ಕಾಯಲು ನಿಂತೆವು. ಇಂಥ ಪ್ರೀತಿಗೆ ಬೆಂಕಿ ಹಾಕಬೇಕು ಎಂದು ಈಗ ಅನ್ನಿಸುತ್ತದೆ. ಆಗ ನಾನೂ ತಲೆಯಾಡಿಸಿಯೇ ಕೆಳಗೆ ಇಳಿದು ಬಂದೆ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಣ್ಣ ಊಟಕ್ಕೆ ಹೋದಾಗ ಡಿಸ್ಟ್ರಿಬ್ಯೂಟರನ್ನು ಎರಡು ಡಿಗ್ರಿ ಹಿಂದಕ್ಕೆ ತಿರುಗಿಸಿ ಬಿಗಿದೆ. ಮರುದಿನ ಅವನು ರೋಲರಿನ ಮೇಲೆ ಓಡಿಸಿ ನೋಡಿದ. ಕಿಣಿಕಿಣಿ ಇರಲಿಲ್ಲ, ಜೊತೆಗೆ ಮೇಲಿನ ಶಕ್ತಿಯೂ ಒಂದಿಷ್ಟು ಇಳಿದಿತ್ತು. ಸದ್ದು ಹೋದದ್ದು ಅವನಿಗೆ ತಿಳಿಯಲಿಲ್ಲ, ಶಕ್ತಿ ಹೋದದ್ದು ಯಂತ್ರದಲ್ಲಿ ಕಂಡಿತು. ಬೋಲ್ಟ್ ಸಡಿಲವಾಗಿ ಜರುಗಿರಬೇಕು ಎಂದು ಗೊಣಗಿ, ಮೊದಲಿದ್ದಲ್ಲಿಗೆ ತಂದು, ಅದರ ಮೇಲೊಂದು ಡಿಗ್ರಿ ತಳ್ಳಿ, ಬಿಗಿದು, ಮತ್ತೆ ಜರುಗಿದರೆ ಗೊತ್ತಾಗಲೆಂದು ಬೋಲ್ಟಿನ ಮೇಲೆ ಹಳದಿ ಬಣ್ಣದ ಗೆರೆ ಎಳೆದ. ನಾನು ಹಿಂದೆ ಎಳೆದದ್ದರಿಂದ ಎಂಜಿನ್ ಮೊದಲಿಗಿಂತ ಹೆಚ್ಚು ಅಪಾಯದಲ್ಲಿ ಬಿದ್ದಿತ್ತು. ಉಪಕಾರ ಎಂದರೆ ಹೀಗಿರಬೇಕು.

ಪ್ಲಗ್ಗುಗಳನ್ನು ಬಿಚ್ಚಿ ನೋಡಿದೆ. ಮೂರನೆಯದರ ಬಿಳಿ ಪಿಂಗಾಣಿಯ ಮೇಲೆ ಹೊಳೆಯುವ ಸಣ್ಣ ಸಣ್ಣ ಚುಕ್ಕೆಗಳಿದ್ದವು. ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಹಾರಿ ಅಂಟಿದ್ದು ಅದು. ಅಣ್ಣನ ಮೂಗಿನ ಕೆಳಗೆ ಹಿಡಿದೆ. ಕನ್ನಡಕ ಹಾಕಿಕೊಳ್ಳದೆಯೇ, “ಮಸಿ, ಒರೆಸು,” ಎಂದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ.

“ಬಿಡು ಅತ್ತೆ,” ಎಂದಳು ಚೂಟಿ. “ಓಡಿಸೋಳು ನಾನು ತಾನೇ. ನೇರ ದಾರೀಲಿ ಆರೂಮುಕ್ಕಾಲು ಸಾವಿರಕ್ಕೆ ಆಕ್ಸಿಲರೇಟರಿಂದ ಕಾಲು ತೆಗೀತೀನಿ. ಕಳ್ಕೊಂಡದ್ದನ್ನ ತಿರುವಲ್ಲಿ ವಾಪಸ್ ತಗೋತೀನಿ.”

“ನೇರ ದಾರೀಲಿ ಹಿಂದೆ ಬಿದ್ದೆ ಅಂತಾನೇ ಅಲ್ವಾ ಹೋದ ವರ್ಷ ಬಿಟ್ಟಿದ್ದು? ಅದಕ್ಕೇ ಅಲ್ವಾ ಇಷ್ಟೆಲ್ಲಾ ಮಾಡಿದ್ದು?”

“ಹೂಂ,” ಎಂದಳು.

ಪರೀಕ್ಷೆಯ ದಿನ ಮೂವರೂ ಗ್ಯಾರೇಜಿನ ಹಳೇ ವ್ಯಾನಿನ ಹಿಂದೆ ಕಾರು ಕಟ್ಟಿಕೊಂಡು ಟ್ರ್ಯಾಕಿಗೆ ಹೋದೆವು. ತಂಡದ ಮ್ಯಾನೇಜರ್ ತೆಳ್ಳಗಿನ ಹೆಂಗಸು, ಹಿಂದೆ ತಾವೇ ರೇಸ್ ಓಡಿಸುತ್ತಿದ್ದವರು, ನಗುವುದು ಕಡಿಮೆ. ಬಂದಿದ್ದ ಚಾಲಕರೆಲ್ಲ ಒಬ್ಬೊಬ್ಬರಾಗಿ ಓಡಿಸಿದರು. ಅಲ್ಲಿದ್ದ ಮೆಕ್ಯಾನಿಕ್ಕುಗಳಲ್ಲಿ ಅರ್ಧ ಜನ ಅಣ್ಣನ ಹತ್ತಿರ ಬಂದು, ತಮ್ಮ ಎಂಜಿನ್ನನ್ನೂ ಒಂದು ಸಲ ಕೇಳಿ ಹೋಗಿ ಎಂದು ಕರೆದರು. ಅವನು ಹೋಗಿ ಕಣ್ಣು ಮುಚ್ಚಿ ನಿಂತು, ತಲೆಯಾಡಿಸಿ ಬಂದ.

ಕೊನೆಗೆ ಚೂಟಿಯ ಸರದಿ ಬಂತು. ತಿರುವುಗಳಲ್ಲಿ ಅವಳು ಕಾರನ್ನು ಗೆರೆ ಎಳೆದಂತೆ ಒಯ್ದಳು. ನೇರ ದಾರಿಗೆ ಬಂದು ಎಂಜಿನ್ನಿನ ಧ್ವನಿ ಏರಿತು, ಏರಿತು, ಇನ್ನೇನು ಪೂರ್ತಿ ಬಿಚ್ಚಿಕೊಳ್ಳಬೇಕು ಎನ್ನುವಾಗ ಇಳಿಯಿತು. ಎರಡನೇ ಸುತ್ತಿನಲ್ಲೂ ಹಾಗೇ. ಎಂಜಿನ್ನಿನ ದಪ್ಪ ಧ್ವನಿ ಅಣ್ಣನಿಗೆ ಕೇಳಿಸುತ್ತಿತ್ತು.

“ಕಾಲು ತೆಗೀತಿದ್ದಾಳೆ,” ಎಂದ. “ಯಾಕೆ ತೆಗೀತಿದ್ದಾಳೆ?”

ನಾನು ಟ್ರ್ಯಾಕಿನ ಕಡೆ ನೋಡಿಕೊಂಡು ನಿಂತೆ.

ಕಾರು ಬಂದು ನಿಂತಿತು. ಚೂಟಿ ಹೆಲ್ಮೆಟ್ ತೆಗೆದು ಇಳಿಯುವ ಮೊದಲೇ ಮ್ಯಾನೇಜರ್ ಬಾಗಿಲ ಹತ್ತಿರ ಇದ್ದರು.

“ಪ್ರತಿ ಸುತ್ತಲ್ಲೂ ಒಂದೇ ಜಾಗದಲ್ಲಿ ಕಾಲು ತೆಗೆದೆ. ಏನಾಯ್ತು?”

ಚೂಟಿ ಅಪ್ಪನ ಕಡೆ ನೋಡಿದಳು. ಅವನ ಹಿಂದೆ ಆ ಮೆಕ್ಯಾನಿಕ್ಕುಗಳೆಲ್ಲ ನಿಂತಿದ್ದರು.

“ಹೆದರಿಕೆ ಆಯ್ತು ಮೇಡಂ.”

“ಕಾರಲ್ಲಿ ಏನೂ ತೊಂದರೆ ಇಲ್ವಾ?”

“ಇಲ್ಲ ಮೇಡಂ. ಕಾರು ಚೆನ್ನಾಗಿದೆ.”

“ಸರಿ,” ಎಂದು ಅವರು ಪಕ್ಕದ ಕಾರಿನ ಕಡೆ ನಡೆದರು.

ಅಣ್ಣ ಮಗಳನ್ನು ಬೈಯುತ್ತಾನೆ ಎಂದುಕೊಂಡಿದ್ದೆ. ಬೈಯಲಿಲ್ಲ. ಸ್ವಲ್ಪ ಹೊತ್ತು ಅವಳನ್ನೇ ನೋಡಿದ. ಅವಳಿಗೆ ಸೈಕಲ್ಲಿನಿಂದ ಹಿಡಿದು ಎಲ್ಲವನ್ನೂ ಕಲಿಸಿದವನು ಅವನೇ, ಅವಳು ಯಾವುದಕ್ಕೆ ಹೆದರುತ್ತಾಳೆ, ಯಾವುದಕ್ಕೆ ಇಲ್ಲ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಾನೆಟ್ ಎತ್ತಿದ. ಬಟ್ಟೆ ಸುತ್ತಿಕೊಂಡು ಮೂರನೇ ಪ್ಲಗ್ ಬಿಚ್ಚಿದ. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ. ನಾನು ಒರೆಸಿಟ್ಟಿದ್ದ ಪಿಂಗಾಣಿಯ ಮೇಲೆ ಹೊಸ ಚುಕ್ಕೆಗಳಿದ್ದವು.

“ನಿನಗೆ ಕೇಳಿಸ್ತಿತ್ತು,” ಎಂದ ನನಗೆ.

“ಹೂಂ.”

“ಅವಳಿಗೂ.”

“ಅವಳಿಗೂ. ಅತ್ತಿಗೆಗೂ ಗೊತ್ತು.”

ನಿಂತ ನೆಲ ಕುಸಿದವನ ಹಾಗೆ ಆಗುತ್ತಾನೆ ಎಂದು ಹೆದರಿದ್ದೆ. ಅಂಥದ್ದೇನೂ ಆಗಲಿಲ್ಲ. ಪ್ಲಗ್ಗನ್ನು ಬಟ್ಟೆಯಲ್ಲಿ ಹಿಡಿದುಕೊಂಡೇ ಮ್ಯಾನೇಜರ್ ಇದ್ದಲ್ಲಿಗೆ ನಡೆದ. ತನ್ನ ದನಿ ಎಷ್ಟು ದೊಡ್ಡದೆಂದು ಅವನಿಗೆ ತಿಳಿಯುತ್ತಿರಲಿಲ್ಲ, ಸಾಲಿನ ಕೊನೆಯ ಕಾರಿನ ತನಕ ಕೇಳಿಸಿತು.

“ನನ್ನ ಮಗಳು ಹೆದರಿಲ್ಲ ಮೇಡಂ. ಎಂಜಿನ್ ನಾಕ್ ಆಗ್ತಿತ್ತು. ಟೈಮಿಂಗ್ ಇಟ್ಟೋನು ನಾನು. ನನಗೆ ಆ ಸದ್ದು ಕೇಳಿಸ್ತಿಲ್ಲ. ಅವಳಿಗೆ ಕೇಳಿಸ್ತು, ಅದಕ್ಕೆ ಕಾಲು ತೆಗೆದ್ಲು.”

ಯಾರೂ ನಗಲಿಲ್ಲ. ಅತ್ತಿಗೆ ಅಷ್ಟು ಹೆದರಿದ್ದ ನಗು ಅಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ಒಬ್ಬಿಬ್ಬರು ತಮ್ಮ ಕಿವಿ ಉಜ್ಜಿಕೊಂಡರು.

ಮ್ಯಾನೇಜರ್ ಪ್ಲಗ್ಗನ್ನು ತಿರುಗಿಸಿ ನೋಡಿ ವಾಪಸು ಕೊಟ್ಟರು. ಚೂಟಿಯನ್ನು ಕರೆದರು.

“ಕಾಲು ತೆಗೆದೂ ನೀನು ಎರಡನೇ ಜಾಗದಲ್ಲಿದ್ದೀಯ, ಗೊತ್ತಾ?”

“ಗೊತ್ತಿಲ್ಲ ಮೇಡಂ.”

“ಹೆದರಿಕೆ ಅಂತ ನೀನು ಹೇಳಿದಾಗ್ಲೂ ನಿನ್ನನ್ನ ಬಿಡ್ಬೇಕು ಅಂತ ನನಗಿರ್ಲಿಲ್ಲ. ಹೆದರಿಕೆ ಬಿಡಿಸ್ಬಹುದು. ಆದ್ರೆ ಕಾರು ಒಳಗೆ ಹೇಗಿದೆ ಅಂತ ನೋಡೋಕೆ ನನಗಿರೋದು ಡ್ರೈವರ್ ಬಾಯಿ ಒಂದೇ. ಇಳಿದ ತಕ್ಷಣ ನೀನು ಏನು ಹೇಳ್ತೀಯೋ ಅದನ್ನ ನಂಬಿ ನನ್ನವರು ಸ್ಪ್ಯಾನರ್ ಹಿಡೀತಾರೆ. ನಾನು ನೇರವಾಗಿ ಕೇಳ್ದೆ. ನೀನು ಇಲ್ಲ ಅಂದೆ. ನಾಳೆ ಬ್ರೇಕ್ ಹಿಡೀತಿಲ್ಲ ಅನ್ನೋದನ್ನೂ ಯಾರಿಗೋ ಬೇಜಾರಾಗುತ್ತೆ ಅಂತ ನುಂಗ್ಕೊಂಡ್ರೆ, ಅದೇ ಕಾರಲ್ಲಿ ಇನ್ನೊಬ್ರು ಹೋಗ್ತಾರಮ್ಮ.”

“ತಪ್ಪು ನಂದು,” ಎಂದ ಅಣ್ಣ.

“ಕೇಳಿಸ್ದೇ ಇರೋದು ತಪ್ಪಲ್ಲ,” ಎಂದರು ಅವರು, ಅವನ ಮುಖ ನೋಡಿ, ಬಿಡಿಸಿ ಬಿಡಿಸಿ. “ಕೇಳಿಸಿದ್ದನ್ನ ಹೇಳ್ದೇ ಇರೋದು ತಪ್ಪು.”

ಚೂಟಿ “ಸರಿ ಮೇಡಂ” ಎಂದಳು. ವಾದ ಮಾಡಲಿಲ್ಲ. ನನಗೆ ಆ ಹೆಂಗಸಿನ ಜುಟ್ಟು ಹಿಡಿದು ಜಗ್ಗಬೇಕೆನ್ನಿಸಿತು, ಅವರು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿಲ್ಲವೆಂದು ಇನ್ನಷ್ಟು ಸಿಟ್ಟು ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕಿತ್ತುಕೊಂಡವರು ನಾವೇ.

ಕಾರನ್ನು ಮತ್ತೆ ಕಟ್ಟಿಕೊಂಡು ಹೊರಟೆವು. ಚೂಟಿ ಓಡಿಸುತ್ತಿದ್ದಳು, ಅಣ್ಣ ನಡುವೆ ಕುಳಿತಿದ್ದ, ನಾನು ಕಿಟಕಿಯ ಹತ್ತಿರ.

“ಇನ್ನೇನೇನು ಕೇಳಿಸ್ತಿಲ್ಲ ನನಗೆ?” ಎಂದ ಅಣ್ಣ.

ಚೂಟಿ ನನ್ನ ಕಡೆ ನೋಡಿದಳು. “ಹೇಳು,” ಎಂದೆ. “ಇನ್ನು ಮುಚ್ಚಿಟ್ಟು ಯಾವ ಕಿರೀಟ ಸಿಗಬೇಕಾಗಿದೆ.”

ಅವಳು ಜೋರಾಗಿ ಒಂದೊಂದೇ ಹೇಳಿದಳು. ಕುಕ್ಕರ್. ಬಾಗಿಲ ಬೆಲ್. ಅವನ ಫೋನು. ಗ್ಯಾರೇಜಿನ ಗಾಳಿ ಪೈಪು ಸೋರುವ ಸದ್ದು.

“ಬೆಲ್ ಕೆಟ್ಟಿದೆ ಅಂತ ನಿಮ್ಮಮ್ಮ ಹೇಳಿದ್ಲಲ್ಲ.”

“ಕೆಟ್ಟಿಲ್ಲ ಅಪ್ಪ.”

“ಅದನ್ನ ಬಿಚ್ಚಿ ವೈರ್ ಬದಲಾಯಿಸಿದೆನಲ್ಲೇ ನಾನು.”

ನನಗೆ ನಗು ತಡೆಯಲಾಗಲಿಲ್ಲ. ಅಣ್ಣನೂ ಸ್ವಲ್ಪ ನಕ್ಕ. ಮತ್ತೆ ಗಂಭೀರನಾದ. ಏನೋ ಕೇಳಬೇಕೆಂದು ಬಾಯಿ ತೆರೆದು, ಬಿಟ್ಟು, ಕೊನೆಗೆ ರಸ್ತೆಯ ಕಡೆ ನೋಡುತ್ತಲೇ ಕೇಳಿದ: “ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಹೇಳಿ ಹೋಗೋದು ಯಾಕೆ ಬಿಟ್ಟೆ ನೀನು?”

“ಏನು ಬಿಟ್ಟೆ?”

“ಸ್ಕೂಲಿಗೆ ಹೋಗೋ ಕಾಲದಿಂದ್ಲೂ ಮೆಟ್ಟಿಲ ಕೆಳಗೆ ನಿಂತು ‘ಹೋಗ್ಬರ್ತೀನಪ್ಪ’ ಅಂತ ಕೂಗಿ ಹೋಗ್ತಿದ್ದೆ. ಹೋದ ವರ್ಷದಿಂದ ಇಲ್ಲ. ದೊಡ್ಡವಳಾದ್ಲು, ಇನ್ನೇನು ದಿನಾ ಅಪ್ಪನಿಗೆ ಹೇಳೋದು ಅಂತ ನಾನೂ ಸುಮ್ಮನಾದೆ.”

ಚೂಟಿ ವ್ಯಾನನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದಳು. ಎಂಜಿನ್ ಆರಿಸಿದಳು. ಅವಳ ಕಣ್ಣು ತುಂಬಿತ್ತು.

“ದಿನಾ ಹೇಳ್ತೀನಪ್ಪ,” ಎಂದಳು. “ಒಂದು ದಿನಾನೂ ತಪ್ಪಿಸಿಲ್ಲ. ನೀನೇ ಮೊದಲಿನ ಹಾಗೆ ಮೇಲಿಂದ ಉತ್ತರ ಕೊಡಲ್ಲ. ಹೋದ ವರ್ಷ ಸೋತು ಬಂದೆನಲ್ಲ, ಆ ಸಿಟ್ಟು ಅಂದ್ಕೊಂಡಿದ್ದೆ. ಕುಕ್ಕರ್, ಬೆಲ್ಲು ಎಲ್ಲಾ ಗೊತ್ತಿತ್ತು, ಇದೂ ಅದೇ ಅಂತ ಹೊಳೀಲೇ ಇಲ್ಲ. ಈ ಸಲ ಗೆದ್ರೆ ಮಾತಾಡ್ತೀಯ ಅಂತ...”

ನಾನು ಕಿಟಕಿಯ ಕಡೆ ಮುಖ ಮಾಡಿ ಅತ್ತುಬಿಟ್ಟೆ, ನಾಚಿಕೆಯೇನಿಲ್ಲ.

ಅಣ್ಣ ಅವಳ ಬಾಯಿಯನ್ನೇ ನೋಡುತ್ತಾ ಕುಳಿತಿದ್ದ. ಎಲ್ಲವೂ ಕೇಳಿಸಿತೋ, ಅರ್ಧ ಕೇಳಿಸಿತೋ ತಿಳಿಯಲಿಲ್ಲ. ಆಮೇಲೆ ತನ್ನ ಗ್ರೀಸ್ ಮೆತ್ತಿದ ಕೈಯನ್ನು ಅವಳ ತಲೆಯ ಮೇಲೆ ಇಟ್ಟ.

“ಹೂಂ, ಹೋಗ್ಬಾ,” ಎಂದ, ನಿಂತ ವ್ಯಾನಿನಲ್ಲಿ, ಪಕ್ಕದಲ್ಲೇ ಕುಳಿತಿದ್ದವಳಿಗೆ.